ಕಾಲುಪೇಟಿಯ ಶಿವಕ್ಕ

ಪರದೇಶದ ಕ್ಯಾರಿ ಊರಿಗೆ, ಮಗಳ ಮನೆಗೆ ಬಂದು ವರ್ಷ ತುಂಬುವುದರೊಳಗೆ ಶಿವಕ್ಕ ಜೋಳದ ರೊಟ್ಟಿಗೆ ಹೆಸರಾಗಿದ್ದಳು. ಕನ್ನಡ ಸಂಘದ ಊಟ ಯಾವುದೇ ಇರಲಿ, "ಶಿವಕ್ಕ ಆಂಟಿ ಬರ್ತಾರಾ?" ಎಂದು ಯಾರಾದರೂ ಕೇಳಿದರೆ ರೊಟ್ಟಿ ಬರುತ್ತದೆಯೇ ಎಂದು ಕೇಳಿದಂತೆಯೇ ಲೆಕ್ಕ. ಅದರಲ್ಲಿ ಅವಳಿಗೆ ಬೇಸರವೇನೂ ಇರಲಿಲ್ಲ. ಹಿಟ್ಟು ನಾದಿ, ತಟ್ಟಿ, ಬೆಂಕಿಯ ಮೇಲೆ ಚೆಂಡಿನಂತೆ ಉಬ್ಬಿಸುವುದೂ ಒಂದು ವಿದ್ಯೆಯೇ. ಆದರೆ ಆ ಕೈ ಮೊದಲು ಕಲಿತಿದ್ದು ರೊಟ್ಟಿಯನ್ನಲ್ಲ ಎಂಬುದು ಕ್ಯಾರಿಯಲ್ಲಿ ಅವಳ ಮಗಳು ಮತ್ತು ಅಳಿಯನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಅವಳ ಅಪ್ಪ ಗುರುಶಾಂತಪ್ಪ ಗದಗಿನ ಕಡೆಯ ಒಂದು ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ. ಪೇಟಿ ಎಂದರೆ ಭಜನೆಯವರು ಮಡಿಲ ಮುಂದೆ ಇಟ್ಟುಕೊಳ್ಳುವ ಸಣ್ಣ ಹಾರ್ಮೋನಿಯಂ ಅಲ್ಲ. ಕುರ್ಚಿಯ ಮೇಲೆ ಕೂತು, ಕಾಲಿನಿಂದ ಹಲಗೆ ತುಳಿದು ಗಾಳಿ ತುಂಬಿ, ಎರಡೂ ಕೈಯಲ್ಲಿ ನುಡಿಸುವ ಕಾಲುಪೇಟಿ. ಇಳಕಲ್ಲಿನ ಮೊಕ್ಕಾಮಿನಲ್ಲಿ ಅಪ್ಪ ಬಿದ್ದು ಮುಂಗೈ ಮುರಿದುಕೊಂಡಾಗ, ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದ ಮಗಳೇ ಅಂದಿನ ನಾಟಕ ಉಳಿಸಿದಳು. ಮಾರನೆಯ ದಿನದಿಂದ ನಾಟಕ ನೋಡಲು ಬಂದವರಲ್ಲಿ ಅರ್ಧ ಜನ, ರಂಗದ ಮುಂದಿನ ತಗ್ಗಿನಲ್ಲಿ ಕೂತು ಪೇಟಿ ಬಾರಿಸುವ ಹುಡುಗಿಯನ್ನು ನೋಡಲೆಂದೇ ಬಂದರು. ಮದುವೆಯಾಗುವವರೆಗೂ ಅವಳು ಆ ಕುರ್ಚಿ ಬಿಡಲಿಲ್ಲ. ಗಂಡನ ಮನೆಯಲ್ಲಿ ಪೇಟಿ ಇರಲಿಲ್ಲ. ಬೇಕೆಂದು ಅವಳೂ ಕೇಳಲಿಲ್ಲ. ಗಂಡ ಒಳ್ಳೆಯವನು, ಕೇಳಿದ್ದರೆ ತರುತ್ತಿದ್ದನೋ ಏನೋ. ಈಗ ಅವನೂ ಇಲ್ಲ.

ಆ ವರ್ಷ ಸಂಘಕ್ಕೆ ಹೊಸದಾಗಿ ಒಂದು ಡಿಜಿಟಲ್ ಸಿಂಥಸೈಸರ್ ಕೀಬೋರ್ಡ್ ಬಂತು. ಅದನ್ನು ಇಡಲು ಜಾಗವಿದ್ದದ್ದು ಅಳಿಯ ಬಸವಕುಮಾರನ ಮನೆಯಲ್ಲಿ. ಅವನು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ಎಂಜಿನಿಯರು. ಯಾವ ಯಂತ್ರ ಬಂದರೂ ಪೆಟ್ಟಿಗೆ ಬಿಚ್ಚುವ ಕೆಲಸ ಅವನದೇ. ಶನಿವಾರ ಬೆಳಿಗ್ಗೆ ಕತ್ತರಿಯಂತೆ ತೆರೆದುಕೊಳ್ಳುವ ಸ್ಟ್ಯಾಂಡನ್ನು ಅವನು ಊಟದ ಕೋಣೆಯಲ್ಲಿ ನಿಲ್ಲಿಸಿ, ಮೇಲೆ ಕೀಬೋರ್ಡು ಇಟ್ಟು, ಹಿಂಬದಿಯಲ್ಲಿ ಅಡಾಪ್ಟರಿನ ವೈರು ಸಿಕ್ಕಿಸುವಾಗ ಶಿವಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಬರ್ರಿ ಅತ್ತಿ, ನಿಮ್ಮ ಸಲುವಾಗೇ ಕುಂತದ ಇದು."

"ಗಾಳಿ ಎಲ್ಲಿಂದ ಹಾಕೂದ್ರೀ ಇದಕ್ಕ?"

"ಗಾಳಿ ಬ್ಯಾಡ. ಕರೆಂಟಿನ ಮ್ಯಾಲ ನಡಿತದ."

"ಹಂಗಾರ ಕಾಲು ಏನು ಮಾಡಬೇಕು? ಕಾಲು ಸುಮ್ಮನ ಕುಂತರ ನನ್ನ ಕೈ ನಡಿಯಂಗಿಲ್ಲ."

ಬಸವಕುಮಾರ ನಕ್ಕು, ಪ್ಲಾಸ್ಟಿಕ್ ಚೀಲದಿಂದ ಚಪ್ಪಟೆಯಾದ ಒಂದು ಪೆಡಲ್ ತೆಗೆದ. "ನೋಡ್ರಿ, ಕಾಲಿಗೂ ಕೆಲಸ ಐತಿ. ಇದನ್ನ ಒತ್ತಿ ಹಿಡಿದರ, ಬೆರಳು ತೆಗೆದ ಮ್ಯಾಲೂ ಸ್ವರ ನಿಂತಿರತದ. ಬಿಟ್ಟರ ಅಡಗತದ. ಆದರ ಪೇಟಿಗತೆ ಒಂದೇ ಸಮನ ತುಳಿಯೂ ಹಂಗಿಲ್ಲ. ಸಾಲಿನ ಕೊನೀಗೆ ಒಂಚೂರು ಒತ್ತೂದು, ಬಿಡೂದು."

"ಉಪ್ಪು ಹಾಕಿದಂಗ ಅನ್ರಿ."

"ಹಾಂ, ಉಪ್ಪು ಹಾಕಿದಂಗ."

ಅವಳು ಹತ್ತಿರ ಬಂದಳು. ಅಳಿಯ ಕೀಬೋರ್ಡಿನ ಆಚೆ ಬದಿಗೆ ನಿಂತು, ಹಿಂದಿನ ಸ್ವಿಚ್ ಒತ್ತಿ, ಅವಳನ್ನು ಕೂರಿಸಿ, ಒಂದೊಂದೇ ನಾದ ತೆಗೆದು ಕೇಳಿಸಿದ. ಪಿಯಾನೋ ಅವಳಿಗೆ ಕಲ್ಲಿನ ಮೇಲೆ ನೀರು ತೊಟ್ಟಿಕ್ಕಿದಂತೆ ಕೇಳಿಸಿತು. ಚರ್ಚ್ ಆರ್ಗನ್ ಬಂದಾಗ "ಇದು ಭಾಳ ದೊಡ್ಡ ಮನೀದು, ನಮಗಲ್ಲ" ಎಂದಳು. ಅಕಾರ್ಡಿಯನ್ನು ಕೇಳಿ "ಸರ್ಕಸ್ಸು" ಎಂದು ಮುಖ ತಿರುಗಿಸಿದಳು. ಇಪ್ಪತ್ತೊಂದನೆಯ ನಂಬರು ಒತ್ತಿದಾಗ ಬಂದ, ಪೇಟಿಯದೇ ದನಿಯ ರೀಡ್ ಆರ್ಗನ್ನಿಗೆ ಮಾತ್ರ ಬೆರಳಿಟ್ಟಳು. ಅದರ ಜೊತೆಗೆ ತಂತಿವಾದ್ಯದ ನಾದವನ್ನು ತೆಳ್ಳಗೆ ಬೆರೆಸಬಹುದು ಎಂದು ಅಳಿಯ ಇನ್ನೊಂದು ಬಟನ್ ತೋರಿಸಿದ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ ಗುಣವನ್ನು ಅವಳೇ ಬಂದ್ ಮಾಡಲು ಹೇಳಿದಳು. ಪೇಟಿಯ ಕೈ ಎಲ್ಲ ಸ್ವರವನ್ನೂ ಒಂದೇ ತೂಕದಲ್ಲಿ ಒತ್ತುತ್ತದೆ. ಆಮೇಲೆ ಅವಳು ಕಂಪನಿಯ ನಾಟಕದಲ್ಲಿ ಕೃಷ್ಣ ರಂಗಕ್ಕೆ ಬರುವಾಗಿನ ಪದ ನುಡಿಸಿದಳು. ಮೊದಲು ತಡವರಿಸಿ, ಆಮೇಲೆ ಅಲ್ಲಿಷ್ಟು ಇಲ್ಲಿಷ್ಟು ನೆನಪಾಗಿ, ಕೊನೆಗೆ ಪೂರ್ತಿ.

ಮೇಲಿನಿಂದ ಇಳಿದು ಬಂದ ಮಗಳು ನಮ್ರತಾ ಮೆಟ್ಟಿಲಲ್ಲೇ ನಿಂತಿದ್ದಳು. ಅವ್ವ ಪೇಟಿ ಬಾರಿಸುತ್ತಿದ್ದಳೆಂದು ಅವಳು ಕೇಳಿದ್ದಳೇ ಹೊರತು ಒಮ್ಮೆಯೂ ಕಂಡಿರಲಿಲ್ಲ.

ಸುದ್ದಿ ಸಂಘದ ಕಾರ್ಯದರ್ಶಿ ತ್ಯಾಗರಾಜನಿಗೆ ಮುಟ್ಟಿತು. ಮೈಸೂರಿನವನು, ಒಳ್ಳೆಯ ಕಂಠ, ಸಂಗೀತ ಕಲಿತವನು. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ರಂಗಗೀತೆ ಹಾಡಬೇಕೆಂದು ಅವನಿಗೆ ಬಹಳ ದಿನದಿಂದ ಆಸೆ. ಹಿನ್ನೆಲೆಗೆಂದು ಅಟ್ಲಾಂಟದ ಗೆಳೆಯನಿಂದ ಒಂದು ಕ್ಯಾಸೆಟ್ ತರಿಸಿ ಇಟ್ಟುಕೊಂಡಿದ್ದ. "ಕ್ಯಾಸೆಟ್ ಯಾಕೆ ಬೇಕು ಆಂಟಿ, ನೀವೇ ಇರೋವಾಗ!" ಎಂದು ಅವನೇ ಫೋನು ಮಾಡಿ ಹೇಳಿದ. ಶಿವಕ್ಕ ಫೋನು ಇಟ್ಟು, ಹಿಟ್ಟಿನ ಕೈಯನ್ನು ತೊಳೆಯುವುದನ್ನೂ ಮರೆತು ಕೀಬೋರ್ಡಿನ ಮುಂದೆ ಹೋಗಿ ನಿಂತಳು. ಇನ್ನೊಮ್ಮೆ ಜನರ ಮುಂದೆ ಕೂರುವ ದಿನ ತನ್ನ ಹಣೆಯಲ್ಲಿದೆ ಎಂದು ಅವಳು ಎಣಿಸಿರಲಿಲ್ಲ.

ತೊಂದರೆ ಶುರುವಾದದ್ದು ಆಗಲೇ. ಮಗಳು ಅಳಿಯ ಕೆಲಸಕ್ಕೆ ಹೋದ ಮೇಲೆ ಅವಳು ತಾನೇ ಕೂತು ಸ್ವಿಚ್ ಹಾಕಿದರೆ ಕೀಬೋರ್ಡಿಗೆ ಏನೋ ಹೊಕ್ಕಂತಾಗುತ್ತಿತ್ತು. ಒತ್ತಿದ ಸ್ವರ ನಿಲ್ಲದು. ಸಾ ಇನ್ನೂ ಕೂಗುತ್ತಿರುವಾಗಲೇ ರಿ, ಅದರ ಮೇಲೆ ಗ. ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದಂತೆ. ಸಂಜೆ ಅಳಿಯ ಬಂದು ಹಚ್ಚಿದರೆ ಬಂಗಾರದಂತೆ ನುಡಿಯುತ್ತಿತ್ತು. ಹಾಗಂತ ಅವಳು ಹಚ್ಚಿದಾಗೆಲ್ಲ ಕೆಡುತ್ತಿತ್ತೇ ಎಂದರೆ ಅದೂ ಇಲ್ಲ. ಒಂದೆರಡು ಸಲ ಸರಿಯಾಗಿಯೇ ಇತ್ತು. ಅಳಿಯ ಅದನ್ನು ಅಂಗಡಿಗೂ ಒಯ್ದು ಬಂದ. ಅಲ್ಲಿಯವರು ಎಲ್ಲ ಬಟನ್ ಒತ್ತಿ ನೋಡಿ, ಏನೂ ಆಗಿಲ್ಲ ಎಂದು ಕಳಿಸಿದರು.

ತ್ಯಾಗರಾಜನ ಮನೆಯಲ್ಲಿ ಪ್ರಾಕ್ಟೀಸು ಇಟ್ಟ ದಿನ ಬಸವಕುಮಾರನಿಗೆ ಆಫೀಸಿನಲ್ಲಿ ತಡವಾಯಿತು. ನಮ್ರತಾ ಅವ್ವನನ್ನೂ ಕೀಬೋರ್ಡನ್ನೂ ಕಾರಿನಲ್ಲಿ ತಂದು ಇಳಿಸಿದಳು. ಶಿವಕ್ಕ ಯಾರ ಸಹಾಯವನ್ನೂ ಕೇಳದೆ ಸ್ಟ್ಯಾಂಡು ತೆರೆದು, ವೈರು ಸಿಕ್ಕಿಸಿ, ಪೆಡಲನ್ನು ಕಾಲಿಗೆ ಸರಿಯಾಗಿ ಎಳೆದುಕೊಂಡು, ಕೈ ಚಾಚಿ ಸ್ವಿಚ್ ಒತ್ತಿದಳು. ಇಪ್ಪತ್ತೊಂದು. ಸಾ ಹಿಡಿದಳು. ತ್ಯಾಗರಾಜ ಬಾಯಿ ತೆರೆದ. ಎರಡನೆಯ ಸಾಲಿಗೆ ಕೋಣೆಯ ತುಂಬ ಕೋಲಾಹಲ.

"ಆಂಟಿ, ಯಾವ್ದೋ ಬಟನ್ ಒತ್ಬಿಟ್ರಿ ಅನ್ಸುತ್ತೆ" ಎಂದು ತ್ಯಾಗರಾಜ ಬಂದು ಸ್ವಿಚ್ ಆರಿಸಿ ಮತ್ತೆ ಹಾಕಿದ. ಅದೇ ಗದ್ದಲ. ಮತ್ತೊಮ್ಮೆ. ಅದೇ. ಶಿವಕ್ಕ ಕುರ್ಚಿಯಿಂದ ಏಳದೆ, ಬೆರಳನ್ನು ಮಾತ್ರ ಮೇಲೆತ್ತಿ ಹಿಡಿದು ಕೂತಿದ್ದಳು.

ಅವನ ಹೆಂಡತಿ ಮೈಥಿಲಿ ಕಾಫಿ ತಂದವಳು ಹಗುರ ಮಾಡಲೆಂದೇ ಅಂದಳು: "ಆಂಟಿ ಕೈ ಸ್ಟ್ರಾಂಗ್ ಅಲ್ವಾ, ರೊಟ್ಟಿ ತಟ್ಟೋ ಥರ ತಟ್ಬಿಟ್ರೇನೋ!"

ಎಲ್ಲರೂ ನಕ್ಕರು. ಶಿವಕ್ಕನೂ ನಕ್ಕಳು. ಅಷ್ಟರಲ್ಲಿ ಬಸವಕುಮಾರ ಬಂದು, ಅತ್ತೆ ಕಾಫಿ ಕುಡಿಯಲು ಎದ್ದು ಹೋಗಿದ್ದಾಗ ಸ್ವಿಚ್ ಹಾಕಿದ. ಕೀಬೋರ್ಡು ಸಾಧುವಾಗಿತ್ತು. ಎಲ್ಲಿಯೋ ಲೂಸ್ ಕನೆಕ್ಷನ್ ಇರಬೇಕೆಂದು ಗಂಡಸರಿಬ್ಬರೂ ತೀರ್ಮಾನಿಸಿದರು.

"ಪ್ರಾಬ್ಲಂ ಏನಂದ್ರೆ ಆಂಟಿ," ತ್ಯಾಗರಾಜ ಮರ್ಯಾದೆಯಿಂದಲೇ ಹೇಳಿದ, "ಸ್ಟೇಜ್ ಮೇಲೆ ಹೀಗಾದ್ರೆ ನಿಮಗೇ ಬೇಜಾರು. ಆವತ್ತು ಬೆಳಿಗ್ಗೆ ಚೆಕ್ ಮಾಡೋಣ. ಸರಿ ಇದ್ರೆ ಕೀಬೋರ್ಡ್. ಇಲ್ಲಾಂದ್ರೆ ಕ್ಯಾಸೆಟ್ ಹಾಕ್ಬಿಡ್ತೀನಿ, ತಪ್ಪು ತಿಳ್ಕೋಬೇಡಿ."

ತಿರುಗಿ ಬರುವಾಗ ಕಾರಿನಲ್ಲಿ ನಮ್ರತಾ ಮೆಲ್ಲಗೆ ಶುರುಮಾಡಿದಳು. "ಯವ್ವಾ, ಕ್ಯಾಸೆಟ್ ಇರಲಿ ಬಿಡು. ನಾಕು ಮಂದಿ ಮುಂದ ನಗಸಾರ ಯಾಕ?"

"ನಗೂ ಮಂದಿನ್ನ ನಿನಗಿಂತ ಹೆಚ್ಚು ಕಂಡೀನಿ ನಾನು," ಎಂದಳು ಶಿವಕ್ಕ. "ನಾಟಕ ಕೆಟ್ಟರ ಚಪ್ಪಲಿ ಬೀಳತಿದ್ದುವು. ಇಲ್ಲಿ ನಕ್ಕು, ಮ್ಯಾಲ ಕಾಫಿ ಕೊಡತಾರ."

ಮಾತೇನೋ ಆಡಿದಳು. ಮನೆಗೆ ಬಂದ ಮೇಲೆ ಮಾತ್ರ ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ಒಲೆ ಒಂದು ದಿನ ಉರಿದು ಒಂದು ದಿನ ಉರಿಯದಿದ್ದರೆ ಹೆಂಗಸು ಹಣೆಬರಹ ಎನ್ನುವುದಿಲ್ಲ. ಬತ್ತಿ ನೋಡುತ್ತಾಳೆ, ಎಣ್ಣೆ ನೋಡುತ್ತಾಳೆ, ಗಾಳಿ ಯಾವ ಕಿಟಕಿಯಿಂದ ಬಂತೆಂದು ನೋಡುತ್ತಾಳೆ. ಶಿವಕ್ಕ ಬೇಳೆ ಆರಿಸುತ್ತ ಅದನ್ನೇ ಯೋಚಿಸಿದಳು. ಅಳಿಯ ಏನು ಒತ್ತುತ್ತಾನೆಂದು ಅವನ ಕೈಯನ್ನು ಇಷ್ಟು ದಿನ ನೋಡಿದ್ದಾಗಿತ್ತು. ತಾನೂ ಅದನ್ನೇ, ಅದೇ ಸಾಲಿನಲ್ಲಿ ಒತ್ತುತ್ತಿದ್ದಳು. ಕೈಯಲ್ಲಿ ತಪ್ಪಿಲ್ಲದಿದ್ದರೆ ನೋಡಬೇಕಾದ್ದು ಬೇರೆ ಏನೋ ಇದೆ.

ರಂಗದ ಮುಂದಿನ ತಗ್ಗಿನಲ್ಲಿ ಕೂತ ಪೇಟಿಯವನ ಕಣ್ಣು ರಂಗದ ಹಲಗೆಯ ಮಟ್ಟಕ್ಕೆ ಇರುತ್ತದೆ. ನಟರ ಮುಖ ಅವನಿಗೆ ಕತ್ತು ನೋಯಿಸಿಕೊಂಡರೆ ಕಂಡೀತು. ಸದಾ ಕಾಣುವುದು ಪಾದ. ಪದ ಎತ್ತಿಕೊಡುವ ಹೊತ್ತು ಬಂತೆಂದು ಅವಳ ಅಪ್ಪ ಗುರುತಿಸುತ್ತಿದ್ದದ್ದು ಪಾತ್ರದ ಮಾತಿನಿಂದಲ್ಲ. ಮಾತು ಮರೆತವನೂ ಹಾಡುವ ಮೊದಲು ಹಿಮ್ಮಡಿ ಊರುತ್ತಾನೆ. ಶಿವಕ್ಕ ನಾಲ್ಕು ವರ್ಷ ದುಡಿದದ್ದು ಜನರ ಕಾಲು ನೋಡಿಯೇ.

ಮರುದಿನ ಬೆಳಿಗ್ಗೆ ಬಸವಕುಮಾರ ಬೂಟು ಹಾಕಿಕೊಂಡು ಕಾರಿನ ಕೀಲಿ ಹುಡುಕುತ್ತಿದ್ದ.

"ಒಂದಿಷ್ಟು ಬಂದು ಅದನ್ನ ಹಚ್ಚರಿ."

"ಸಂಜೀಕ ಹಚ್ಚತೀನಿ ಅತ್ತಿ, ಮೀಟಿಂಗ್ ಐತಿ."

"ನಿಮ್ಮ ಮೀಟಿಂಗು ಓಡಿ ಹೋಗಂಗಿಲ್ಲ. ಬರ್ರಿ."

ಅವನು ಬಂದ. ನೋಡಿದರೆ ಅತ್ತೆ ಕುರ್ಚಿಯ ಮೇಲಿಲ್ಲ. ಸೀರೆ ಸುತ್ತಿಕೊಂಡು ನೆಲದ ಮೇಲೆ, ಕಾರ್ಪೆಟ್ಟಿನ ಮೇಲೆ ಕೂತಿದ್ದಾಳೆ. "ಏನ್ರೀ ಇದು?"

"ನೀವು ನಿಮ್ಮ ಕೆಲಸ ಮಾಡ್ರಿ."

ಅವನು ಎಂದಿನಂತೆ ಆಚೆ ಬದಿಗೆ ನಿಂತು ಸ್ವಿಚ್ ಒತ್ತಿದ. ಒಂದೆರಡು ಸ್ವರ ಒತ್ತಿ ತೋರಿಸಿದ. ಸ್ವಚ್ಛ. ಶಿವಕ್ಕ ಅವನ ಕರಿ ಬೂಟನ್ನು ನೋಡಿದಳು. ಅದು ಸ್ಟ್ಯಾಂಡಿನ ಆಚೆ ಇತ್ತು. ಪೆಡಲು ಈಚೆ, ಯಾರೂ ಮುಟ್ಟದೆ ಬಿದ್ದಿತ್ತು. ಆಮೇಲೆ ಅವಳು ತನ್ನ ಬಲಗಾಲನ್ನು ನೋಡಿಕೊಂಡಳು.

ಪೇಟಿಯ ಮುಂದೆ ಕೂತವರ ಕಾಲು ಕೈಗಿಂತ ಮೊದಲು ಎಚ್ಚರಾಗುತ್ತದೆ. ಗಾಳಿ ತುಂಬದೆ ಸ್ವರವಿಲ್ಲ. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು: ಕೂತಕೂಡಲೇ ಕಾಲು ಹಲಗೆಯ ಮೇಲೆ. ನುಡಿಸುವಾಗ ತುಳಿಯಬಾರದೆಂದು ಈ ತಿಂಗಳಲ್ಲಿ ಕಾಲಿಗೆ ಬುದ್ಧಿ ಹೇಳಿ ಒಪ್ಪಿಸಿದ್ದಳು. ಆದರೆ ಕೂರುವಾಗ? ಅದು ತನ್ನ ಪಾಡಿಗೆ ತಾನು ಹೋಗಿ ಪೆಡಲನ್ನು ಒತ್ತಿಕೊಂಡು ಕೂರುತ್ತಿತ್ತು. ಸ್ವಿಚ್ಚಿನ ಕಡೆ ಕೈ ಹೋಗುವುದು ಆಮೇಲೆ, ಕಾಲು ಪೆಡಲನ್ನು ಬಿಡುವುದು ನುಡಿಸಲು ಶುರುಮಾಡಿದಾಗ.

"ಆರಿಸ್ರಿ," ಎಂದಳು. "ಈ ಕಡೆ ಬರ್ರಿ. ಈಗ ಪೆಡಲ್ ಮ್ಯಾಲ ಕಾಲಿಟ್ಟು, ಒತ್ತಿ ಹಿಡಿದು, ಹಚ್ಚರಿ."

"ಬೂಟು—"

"ಬೂಟಿನ ಕಾಲೇ ಇಡ್ರಿ, ಅದೇನು ದೇವರಲ್ಲ."

ಅವನು ಹಾಗೆಯೇ ಹಚ್ಚಿ, ಕಾಲು ತೆಗೆದು, ಬೆರಳು ಒತ್ತಿದ. ಸಂತೆ ಶುರುವಾಯಿತು. ಬಸವಕುಮಾರ ಬೆರಗಾಗಿ ಪೆಡಲ್ ಒತ್ತಿದ, ಗದ್ದಲ ಅಡಗಿತು. ಬಿಟ್ಟ; ಎದ್ದಿತು. ಒತ್ತಿದ, ಬಿಟ್ಟ. ಮೀಟಿಂಗು ಅವನ ತಲೆಯಿಂದ ಹಾರಿಹೋಗಿತ್ತು.

"ಅತ್ತಿ! ಇದು ಹಚ್ಚಿದ ಕೂಡ್ಲೆ ಪೆಡಲ್ ಹೆಂಗದ ಅಂತ ನೋಡತದ. ಆಗ ಹೆಂಗಿತ್ತೋ ಅದೇ ಬಿಟ್ಟಿದ್ದು ಅಂತ ತಿಳಕೋತದ. ನೀವು ಒತ್ತಿ ಹಚ್ಚಿದರ ಅದಕ್ಕ ಎಲ್ಲಾ ಉಲ್ಟಾ! ನಾನು ಒಂದು ಸಲಾನೂ ಕುಂತು ಹಚ್ಚಿಲ್ಲ, ನನಗ ಹೆಂಗ ತಿಳಿಬೇಕು?"

"ಅಂದ್ರ ಯಂತ್ರದ್ದೂ ತಪ್ಪಿಲ್ಲ."

"ಇಲ್ಲ."

"ನನ್ನ ಕೈದೂ ತಪ್ಪಿಲ್ಲ."

"ಇಲ್ರೀ ಅತ್ತಿ."

"ನಮ್ಮಪ್ಪಂದು," ಎಂದು ಶಿವಕ್ಕ ನೆಲದಿಂದ ಏಳುತ್ತ ನಕ್ಕಳು. "ಹಂಗ ಕಲಿಸಿಬಿಟ್ಟಾನ, ಸಾಯೂ ತನಕ ಬಿಡಂಗಿಲ್ಲ. ಹೋಗ್ರಿ ಇನ್ನ, ನಿಮಗ ಹೊತ್ತಾತು."

ಆ ದಿನ ಅವಳು ಒಂದೇ ಒಂದು ಅಭ್ಯಾಸ ಮಾಡಿದಳು: ಕೂರುವುದು, ಬಲಗಾಲನ್ನು ಕುರ್ಚಿಯ ಕಾಲಿನ ಹಿಂದೆ ಸಿಕ್ಕಿಸಿಕೊಳ್ಳುವುದು, ಸ್ವಿಚ್ ಹಾಕುವುದು. ನಲವತ್ತು ವರ್ಷದ ಮೇಲೆ ಕಾಲಿಗೆ ಬೇರೆ ಪಾಠ. ಅದು ಒಪ್ಪಲು ಸಂಜೆಯಾಯಿತು.

ರಾಜ್ಯೋತ್ಸವದ ದಿನ ಹೈಸ್ಕೂಲಿನ ಸಭಾಂಗಣದಲ್ಲಿ ಬೆಳಿಗ್ಗೆ ಚೆಕ್ ಮಾಡಿದಾಗ ಕೀಬೋರ್ಡು ಚೆನ್ನಾಗಿಯೇ ನುಡಿಯಿತು. ಕಾರಣವನ್ನು ಬಸವಕುಮಾರ ಸಿಕ್ಕಸಿಕ್ಕವರಿಗೆ ವಿವರಿಸಿದ. "ನಮ್ಮತ್ತಿ ನೆಲದ ಮ್ಯಾಲ ಕುಂತು ಕಂಡುಹಿಡದ್ರು" ಎಂಬುದನ್ನು ಬಿಡದೆ ಸೇರಿಸುತ್ತಿದ್ದ. ತ್ಯಾಗರಾಜ ತಲೆಯಾಡಿಸಿದ. ಆದರೂ ಕ್ಯಾಸೆಟ್ಟನ್ನು ಡೆಕ್ಕಿನಲ್ಲಿ ಹಾಕಿಯೇ ಇಟ್ಟಿದ್ದನ್ನು ಶಿವಕ್ಕ ನೋಡಿದಳು. ಅವನ ಜಾಗದಲ್ಲಿ ತಾನಿದ್ದರೂ ಹಾಗೇ ಮಾಡುತ್ತಿದ್ದಳು.

ಮಧ್ಯಾಹ್ನ ಮಕ್ಕಳ ಕೋಲಾಟ, ಭಾಷಣ ಎಲ್ಲ ಮುಗಿದು ಅವರ ಸರದಿ ಬಂತು. ಶಿವಕ್ಕ ಇಳಕಲ್ ಸೀರೆಯ ಸೆರಗನ್ನು ಬಿಗಿದು ಕೂತಳು. "ಕರಿ ಒಂದು" ಎಂದು ತ್ಯಾಗರಾಜ ತನ್ನ ಶ್ರುತಿ ಹೇಳಿದ, ಸಾಲಿನ ಮೊದಲ ಕರಿ ಕೀ. ಶ್ರುತಿ ಬದಲಿಸುವ ಬಟನ್ ಕೀಬೋರ್ಡಿನಲ್ಲಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಬಿಳಿ ಕರಿ ಯಾವ ಮನೆಯನ್ನು ಸಾ ಮಾಡಿದರೂ ಅವಳ ಬೆರಳಿಗೆ ದಾರಿ ಗೊತ್ತಿತ್ತು. ಪದ ಎದ್ದಿತು. ಸಭೆ ಮೊದಲು ಮಾತಾಡುತ್ತಿತ್ತು, ಆಮೇಲೆ ಸುಮ್ಮನಾಯಿತು.

ಎರಡನೆಯ ಚರಣದಲ್ಲಿ, ಎಲ್ಲರ ಮನೆಯ ಕಾರ್ಯಕ್ಕೂ ಕ್ಯಾಮ್‌ಕಾರ್ಡರ್ ಹೊತ್ತು ಬರುವ ಕೃಷ್ಣಪ್ರಸಾದ, ಇನ್ನಷ್ಟು ಚೆನ್ನಾಗಿ ತೆಗೆಯಬೇಕೆಂದು ಹಿಂದೆ ಹಿಂದೆ ಹೆಜ್ಜೆ ಇಟ್ಟ. ಕಾಲಿಗೆ ವೈರು ಸಿಕ್ಕಿತು. ಪ್ಲಗ್ಗು ಕಿತ್ತುಬಂತು. ಕೀಬೋರ್ಡು ಸತ್ತಿತು.

ತ್ಯಾಗರಾಜನ ದನಿ ಬರಿಗಾಳಿಯಲ್ಲಿ ನಿಂತಿತು. ಅವನ ಕಣ್ಣು ಡೆಕ್ಕಿನ ಕಡೆ ಹೋಯಿತು. ಆಗ ಪಕ್ಕದಿಂದ ಒಂದು ಸಾ ಬಂತು, ದಪ್ಪ, ನೇರ. ಶಿವಕ್ಕ ಬಾಯಿಯಿಂದಲೇ ಶ್ರುತಿ ಹಿಡಿದಿದ್ದಳು. ಕಣ್ಣಿನಲ್ಲೇ ಹೇಳಿದಳು, ನಡೀರಿ. ಅವನು ಹಾಡುತ್ತಲೇ ಹೋದ. ಕೃಷ್ಣಪ್ರಸಾದ ನೆಲದ ಮೇಲೆ ತಡಕಾಡಿ ಪ್ಲಗ್ಗು ಸಿಕ್ಕಿಸಿದ. ಸಭೆಯ ಮೂರನೆಯ ಸಾಲಿನಿಂದ ಬಸವಕುಮಾರ ಎದ್ದು ಓಡಿಬರುತ್ತಿದ್ದ; ಶಿವಕ್ಕ ಎಡಗೈ ಅಂಗೈ ತೋರಿಸಿ ಅವನನ್ನು ನಡುದಾರಿಯಲ್ಲೇ ನಿಲ್ಲಿಸಿದಳು. ಸಾ ಬಿಡಲಿಲ್ಲ. ಬಲಗಾಲನ್ನು ಕುರ್ಚಿಯ ಹಿಂದೆ ಸಿಕ್ಕಿಸಿದಳು. ಸ್ವಿಚ್. ಎರಡು, ಒಂದು. ತಂತಿಯ ನಾದ. ಸಾಲು ಮುಗಿಯುವ ಜಾಗಕ್ಕೆ ಎರಡೂ ಕೈ ಇಳಿಸಿದಳು. ತ್ಯಾಗರಾಜನ ಕಂಠ ಕೂದಲೆಳೆಯಷ್ಟೂ ಜಾರಿರಲಿಲ್ಲ, ಜಾರಲು ಅವಳು ಬಿಟ್ಟಿರಲಿಲ್ಲ. ನಾದ ತುಂಬಿ ಬಂದಾಗ ಅವನೇ ಬೆಚ್ಚಿ, ನಗುತ್ತ, ಮುಂದಿನ ಸಾಲನ್ನು ಎಂದೂ ಹಾಡದ ಎತ್ತರಕ್ಕೆ ಒಯ್ದ.

ಮುಗಿದ ಮೇಲೆ ಚಪ್ಪಾಳೆ ಬಿತ್ತು. ನಮ್ರತಾ ಎರಡೂ ಕೈಯನ್ನು ತಲೆಯ ಮೇಲೆತ್ತಿ ತಟ್ಟುತ್ತಿದ್ದಳು. ಪಕ್ಕದಲ್ಲಿದ್ದ ಮೈಥಿಲಿಯ ತೋಳು ಹಿಡಿದು, ಕೇಳಿದವರಿಗೂ ಕೇಳದವರಿಗೂ "ನಮ್ಮವ್ವ! ನಮ್ಮವ್ವ!" ಎನ್ನುತ್ತಿದ್ದಳು.

ಆಗ ಹಿಂದಿನ ಸಾಲಿನಿಂದ, ಅಟ್ಲಾಂಟದಿಂದ ಬಂದಿದ್ದ ಹಿರಿಯ ಡಾಕ್ಟರ್ ರಾಮಲಿಂಗಪ್ಪ ಎದ್ದು ನಿಂತು, ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡು ಕೂಗಿದರು: "ಒನ್ಸ್ ಮೋರ್!"

ಮೈಸೂರು ಬೆಂಗಳೂರಿನ ಹುಡುಗರು ತಿರುಗಿ ನೋಡಿದರು. ಅವರಿಗೆ ಅದು ಬರೀ ಇಂಗ್ಲಿಷು. ಆದರೆ ಹುಬ್ಬಳ್ಳಿ, ಬಾಗಲಕೋಟೆ, ಗದಗಿನ ಕಡೆಯಿಂದ ಬಂದವರಿಗೆ ಗೊತ್ತಿತ್ತು: ಕಂಪನಿಯ ನಾಟಕದಲ್ಲಿ ಈ ಕೂಗು ಬಿದ್ದರೆ ಸತ್ತು ಬಿದ್ದ ರಾಜನೂ ಎದ್ದು ಪದ ಹಾಡಿ ಮತ್ತೆ ಸಾಯಬೇಕು. ಇನ್ನೊಂದು ಮೂಲೆಯಿಂದ ಇನ್ನೊಬ್ಬರು ಕೂಗಿದರು. ಆಮೇಲೆ ಹೆಂಗಸರೂ.

"ಆಂಟಿ, ಟೈಮ್ ಆಗೋಗಿದೆ," ತ್ಯಾಗರಾಜ ಬಾಗಿ ಪಿಸುಗುಟ್ಟಿದ. "ಇನ್ನೂ ಎರಡು ಐಟಂ ಇದೆ. ಏನ್ಮಾಡೋದು?"

"ಕೂಗಿದವರನ್ನ ಹಂಗ ಕಳಸಬಾರದಪ್ಪಾ," ಎಂದಳು ಶಿವಕ್ಕ. ಬೆರಳು ಆಗಲೇ ಮೇಲಿನ ಕರಿ ಮನೆಗೆ ಸರಿದಿತ್ತು. "ಗಂಟಲ ಈಗ ಕಾದೈತಿ. ಕರಿ ಎರಡರಿಂದ ಹಾಡ್ರಿ."

"ಅಯ್ಯೋ ಆಂಟಿ, ನನ್ನ ಗಂಟಲು!"

"ನಾ ಇದ್ದೀನಲ್ಲ," ಎಂದು ಅವಳು ಸಾ ಕೊಟ್ಟಳು.